ಸೆಲ್ಫ್ ತಗೊಳ್ತಿಲ್ಲ: ಹಳೆಯ ಕಾರಿನ ಸ್ಟಾರ್ಟರ್ ಮೋಟಾರ್ ರಿಪೇರಿ, ಮೊದಲಿನಿಂದ ಕೊನೆಯವರೆಗೆ

ಕೀ ತಿರುಗಿಸುತ್ತೀರಿ. ಟಕ್ ಅಂತ ಒಂದೇ ಸದ್ದು, ಆಮೇಲೆ ಏನೂ ಇಲ್ಲ. ಮತ್ತೆ ತಿರುಗಿಸುತ್ತೀರಿ, ಮತ್ತೆ ಟಕ್. ನಾಲ್ಕನೇ ಸಲಕ್ಕೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎಂಜಿನ್ ಎದ್ದು ಕೂರುತ್ತದೆ. ಹಳೆಯ ಕಾರು ಇಟ್ಟುಕೊಂಡವರಿಗೆ ಈ ಆಟ ಚೆನ್ನಾಗಿ ಗೊತ್ತು.

ನಾನು ಮೊದಲ ಸಲ ಸೆಲ್ಫ್ ಬಿಚ್ಚಿದಾಗ ಅರ್ಧ ದಿನ ಕಾರಿನಡಿ ಮಲಗಿದ್ದೆ. ಬೆರಳು ತರಚಿಕೊಂಡು, ಕಣ್ಣಿಗೆ ಮಣ್ಣು ಬೀಳಿಸಿಕೊಂಡು ಅಂತೂ ಅದನ್ನು ಹೊರಗೆ ತಂದೆ. ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಿದರೆ ಗಿರ್ರನೆ ತಿರುಗಿತು! ತಪ್ಪು ಇದ್ದದ್ದು ಎಂಜಿನ್‌ನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿಯಲ್ಲಿ. ಒಂದು ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿದರೆ ಮುಗಿಯುತ್ತಿದ್ದ ಕೆಲಸ ಅದು. ಅದಕ್ಕೇ ಇಲ್ಲಿ ಸ್ಪ್ಯಾನರ್ ಹಿಡಿಯುವ ಮುಂಚಿನ ಪರೀಕ್ಷೆಗಳನ್ನೇ ಜಾಸ್ತಿ ಹೇಳಿದ್ದೇನೆ.

ಒಳಗೆ ಏನಾಗುತ್ತದೆ

ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದ ಕಾಲದಲ್ಲಿ ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು. ಮೂಲ ಕೆಲಸ ಇಂದಿಗೂ ಅದೇ. ಒಂದು ಮೋಟಾರ್ ಸಣ್ಣ ಹಲ್ಲುಚಕ್ರ ಒಂದನ್ನು ಎಂಜಿನ್ ಫ್ಲೈವೀಲ್‌ನ ದೊಡ್ಡ ಹಲ್ಲುಚಕ್ರಕ್ಕೆ ಕೂಡಿಸಿ ತಿರುಗಿಸುತ್ತದೆ. ಸಣ್ಣದು ಪಿನಿಯನ್, ದೊಡ್ಡದು ರಿಂಗ್ ಗೇರ್.

ಹಳೆಯ ಕಾರುಗಳ ಸ್ಟಾರ್ಟರ್‌ಗೆ ಸಾಮಾನ್ಯವಾಗಿ ಎರಡು ಭಾಗ. ದಪ್ಪನೆಯ ಮೋಟಾರ್ ಒಂದು, ಅದರ ಬೆನ್ನಿಗೆ ಅಂಟಿಕೊಂಡ ಸಣ್ಣ ಉರುಳೆಯಂಥ ಸೊಲೆನಾಯ್ಡ್ ಇನ್ನೊಂದು. ಕೀ ತಿರುಗಿಸಿದಾಗ ಸಣ್ಣ ವೈರ್ ಮೂಲಕ ಸೊಲೆನಾಯ್ಡ್‌ಗೆ ಕರೆಂಟ್ ಬರುತ್ತದೆ. ಸೊಲೆನಾಯ್ಡ್ ಒಳಗಿನ ಕಬ್ಬಿಣದ ಕೊರಡನ್ನು ಎಳೆಯುತ್ತದೆ. ಆ ಎಳೆತದಿಂದ ಎರಡು ಕೆಲಸ ಆಗುತ್ತವೆ. ಒಂದು ಕವಲುಗೋಲು ಪಿನಿಯನ್ ಅನ್ನು ಮುಂದೆ ತಳ್ಳಿ ರಿಂಗ್ ಗೇರ್‌ಗೆ ಕೂಡಿಸುತ್ತದೆ. ಅದೇ ಎಳೆತದ ಕೊನೆಯಲ್ಲಿ ಒಂದು ತಾಮ್ರದ ಬಿಲ್ಲೆ ಎರಡು ದಪ್ಪ ತಾಮ್ರದ ಕಾಂಟ್ಯಾಕ್ಟ್‌ಗಳನ್ನು ಮುಟ್ಟಿ ಬ್ಯಾಟರಿಯ ಪೂರ್ತಿ ಕರೆಂಟನ್ನು ಮೋಟಾರಿಗೆ ಬಿಡುತ್ತದೆ. ನಿಮಗೆ ಕೇಳುವ "ಟಕ್" ಇದೇ.

ಸೊಲೆನಾಯ್ಡ್ ಮೇಲೆ ಮೂರು ಟರ್ಮಿನಲ್ ಕಾಣುತ್ತವೆ. ಬ್ಯಾಟರಿಯ ದಪ್ಪ ಕೇಬಲ್ ಬರುವುದು 30. ಕೀಯಿಂದ ಸಣ್ಣ ವೈರ್ ಬರುವುದು 50. ಮೂರನೆಯದು ಮೋಟಾರಿನ ಒಳಕ್ಕೆ ಹೋಗುವ ದಪ್ಪ ಕೊಂಡಿ. ಎಷ್ಟೋ ಸ್ಟಾರ್ಟರ್‌ಗಳ ಮೇಲೆ ಈ ಅಂಕಿಗಳನ್ನೇ ಅಚ್ಚು ಹಾಕಿರುತ್ತಾರೆ. ಈ ಮೂರು ಜಾಗ ಗುರುತಿಟ್ಟುಕೊಳ್ಳಿ, ಮುಂದಿನ ಪರೀಕ್ಷೆಯೆಲ್ಲ ಇವುಗಳ ಸುತ್ತಲೇ.

ಸದ್ದು ಏನು ಹೇಳುತ್ತಿದೆ?

ಒಬ್ಬರನ್ನು ಕೀ ತಿರುಗಿಸಲು ಕೂರಿಸಿ ನೀವು ಬಾನೆಟ್ ಎತ್ತಿ ಕಿವಿಗೊಡಿ.

ಟಕಟಕಟಕ ಅಂತ ಬಿಡದೆ ಬಡಿಯುತ್ತಿದ್ದರೆ ಸ್ಟಾರ್ಟರ್ ಮೇಲೆ ಅನುಮಾನ ಬೇಡ. ಬ್ಯಾಟರಿ ಇಳಿದಿದೆ, ಇಲ್ಲವೇ ಎಲ್ಲೋ ಕೊಂಡಿ ಸಡಿಲವಾಗಿದೆ. ಕಾಂಟ್ಯಾಕ್ಟ್ ಮುಟ್ಟಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಸೊಲೆನಾಯ್ಡ್‌ಗೆ ಹಿಡಿದುಕೊಳ್ಳಲು ಶಕ್ತಿ ಸಾಲದೆ ಬಿಟ್ಟುಬಿಡುತ್ತದೆ. ಬಿಟ್ಟಾಗ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಹೀಗೆ ಸುಮ್ನೆ ಬಡಿದುಕೊಳ್ಳುತ್ತಲೇ ಇರುತ್ತದೆ.

ಗಟ್ಟಿಯಾಗಿ ಒಂದೇ ಟಕ್, ಆಮೇಲೆ ಮೌನ ಎಂದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡುಗಳು ಸವೆದಿರಬಹುದು, ಪಿನಿಯನ್ ಸಿಕ್ಕಿಕೊಂಡಿರಬಹುದು. ಮೋಟಾರ್ ಜೋರಾಗಿ ಗುಂಯ್ ಎನ್ನುತ್ತಾ ತಿರುಗಿ ಎಂಜಿನ್ ಮಾತ್ರ ಅಲುಗಾಡದಿದ್ದರೆ ಪಿನಿಯನ್ ಜೊತೆಗಿರುವ ಒನ್‌ವೇ ಕ್ಲಚ್ ಜಾರುತ್ತಿದೆ. ವರ್ಕ್‌ಶಾಪಿನವರು ಅದನ್ನೇ ಬೆಂಡಿಕ್ಸ್ ಅನ್ನುತ್ತಾರೆ. ಕರಕರ ಎಂದು ಹಲ್ಲು ಕಡಿಯುವ ಸದ್ದು ಬಂದರೆ ಪಿನಿಯನ್ ಅಥವಾ ರಿಂಗ್ ಗೇರ್ ಹಲ್ಲು ಸವೆದಿವೆ. ಎಂಜಿನ್ ಸೋಮಾರಿಯಂತೆ ನಿಧಾನ ತಿರುಗಿದರೆ ಬ್ಯಾಟರಿ, ಕೇಬಲ್, ಅಥವಾ ಸವೆದ ಬುಶ್ (ಮೋಟಾರಿನ ದಂಡ ಕೂತು ತಿರುಗುವ ಲೋಹದ ಬಳೆ).

ಸದ್ದೇ ಇಲ್ಲದಿದ್ದರೆ? ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಒಂದಿಷ್ಟೂ ಕುಗ್ಗದಿದ್ದರೆ ಸ್ಟಾರ್ಟರ್‌ಗೆ ಕರೆಂಟೇ ಹೋಗುತ್ತಿಲ್ಲ. ಪೂರ್ತಿ ಸತ್ತುಹೋದರೆ ಬ್ಯಾಟರಿ ಅಥವಾ ಅದರ ಕೊಂಡಿ. ಸ್ವಲ್ಪ ಮಂಕಾಗುವುದು ಸಹಜ.

ಇನ್ನೊಂದು ಸದ್ದಿದೆ, ಅದಕ್ಕೆ ಮಾತ್ರ ತಡಮಾಡಬೇಡಿ. ಎಂಜಿನ್ ಶುರುವಾಗಿ ಕೀ ಬಿಟ್ಟ ಮೇಲೂ ಸ್ಟಾರ್ಟರ್ ಕಿರುಚುತ್ತಲೇ ಇದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಅಥವಾ ಇಗ್ನಿಷನ್ ಸ್ವಿಚ್ ಹಿಂದೆ ಬರುತ್ತಿಲ್ಲ. ಕೂಡಲೇ ಎಂಜಿನ್ ಆಫ್ ಮಾಡಿ. ಆಗಲೂ ಸ್ಟಾರ್ಟರ್ ನಿಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಲ್ಲದಿದ್ದರೆ ಮೋಟಾರ್ ಸುಟ್ಟುಹೋಗುತ್ತದೆ.

ಬ್ಯಾಟರಿಯಿಂದ ಶುರು ಮಾಡಿ

ಇಲ್ಲಿಂದ ಒಂದು ಮಲ್ಟಿಮೀಟರ್ ಬೇಕು. ದುಬಾರಿಯದೇ ಬೇಕಿಲ್ಲ.

ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಎಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಯೂ ನಂಬಲಾಗದು. ಈಗ ಮೀಟರ್ ಹಾಗೇ ಹಿಡಿದು, ಇನ್ನೊಬ್ಬರಿಂದ ಕೀ ತಿರುಗಿಸಿ. ಎಂಜಿನ್ ತಿರುಗುತ್ತಿರುವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ತುಂಬ ಚಳಿಯಿದ್ದರೆ ಇನ್ನೂ ಸ್ವಲ್ಪ ಇಳಿಯಬಹುದು. 12.6 ತೋರಿಸಿದ ಬ್ಯಾಟರಿ ಕೀ ತಿರುಗಿಸಿದೊಡನೆ 7ಕ್ಕೆ ಬಿದ್ದರೆ, ಬ್ಯಾಟರಿಯೇ ಹೋಗಿರುವ ಸಾಧ್ಯತೆ ಜಾಸ್ತಿ. ಒಳ್ಳೆಯದೆಂದು ಗೊತ್ತಿರುವ ಇನ್ನೊಂದು ಬ್ಯಾಟರಿ ಹಾಕಿ ಖಚಿತ ಮಾಡಿಕೊಳ್ಳಿ. ಅದೂ ಹಾಗೇ ಬಿದ್ದರೆ ಸ್ಟಾರ್ಟರ್ ಒಳಗೆ ಶಾರ್ಟ್ ಇದೆ, ಅಥವಾ ಏನೋ ಸಿಕ್ಕಿಕೊಂಡಿದೆ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಸೀಸ ಹೊಳೆಯುವವರೆಗೆ ಉಜ್ಜಿ. ಸೆಲ್‌ಗಳ ಒಳಗೆ ಆ ನೀರು ಹೋಗಬಾರದು. ಕ್ಲಾಂಪನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಅಲುಗಾಡಿದರೆ ನಿಮ್ಮ ರಿಪೇರಿ ಇಲ್ಲಿಗೇ ಮುಗಿದಿರಬಹುದು.

ಕೇಬಲ್ ಎಲ್ಲಿ ಕದಿಯುತ್ತಿದೆ

ಇದೇ ನನಗೆ ಅತಿ ಇಷ್ಟದ ಪರೀಕ್ಷೆ. ತುಂಬ ಜನ ಬಿಟ್ಟುಬಿಡುವುದೂ ಇದನ್ನೇ.

ಸಣ್ಣ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ತಿರುಗಿಸಲು ಸ್ಟಾರ್ಟರ್ 100ರಿಂದ 200 ಆಂಪಿಯರ್ ಎಳೆಯುತ್ತದೆ. ಡೀಸೆಲ್ ಆದರೆ ಇನ್ನೂ ಜಾಸ್ತಿ. ಅಷ್ಟು ಕರೆಂಟ್ ಹರಿಯುವಾಗ ತುಕ್ಕು ಹಿಡಿದ ಒಂದು ಕೊಂಡಿ ಸಾಕು, ಎರಡು ಮೂರು ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಕೇಬಲ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ತಾಮ್ರ ಹಸಿರಾಗಿರುತ್ತದೆ.

ಮೊದಲು ಎಂಜಿನ್ ಶುರುವಾಗದ ಹಾಗೆ ಮಾಡಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ಕಾರ್ಬ್ಯುರೇಟರ್ ಕಾರಾದರೆ ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಕೊಡುವ ಸಣ್ಣ ವೈರ್ ಬಿಚ್ಚಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕೀ ತಿರುಗಿಸಿ ಹಿಡಿದಾಗ ಈ ಅಳತೆಗಳನ್ನು ನೋಡಿ:

ಬ್ಯಾಟರಿ ಪಾಸಿಟಿವ್ ಕಂಬದಿಂದ ಸೊಲೆನಾಯ್ಡ್‌ನ 30ರವರೆಗೆ. ಅರ್ಧ ವೋಲ್ಟ್ ಒಳಗಿರಬೇಕು.
ಬ್ಯಾಟರಿ ನೆಗೆಟಿವ್ ಕಂಬದಿಂದ ಸ್ಟಾರ್ಟರ್‌ನ ಲೋಹದ ಮೈವರೆಗೆ. 0.2ರಿಂದ 0.3 ವೋಲ್ಟ್ ದಾಟಬಾರದು.
30ರಿಂದ ಮೋಟಾರಿನ ಕೊಂಡಿಗೆ, ಅಂದರೆ ಸೊಲೆನಾಯ್ಡ್ ಕಾಂಟ್ಯಾಕ್ಟ್ ದಾಟಿ. ಇದೂ ಸುಮಾರು 0.3 ವೋಲ್ಟ್ ಒಳಗೆ.

ಮೀಟರಿನ ಮುಳ್ಳನ್ನು ಕಂಬದ ಸೀಸಕ್ಕೇ ಮುಟ್ಟಿಸಿ, ಕ್ಲಾಂಪ್‌ಗೆ ಅಲ್ಲ. ಇಲ್ಲದಿದ್ದರೆ ಕಂಬಕ್ಕೂ ಕ್ಲಾಂಪ್‌ಗೂ ನಡುವಿನ ದೋಷ ಅಳತೆಯಿಂದ ತಪ್ಪಿಸಿಕೊಳ್ಳುತ್ತದೆ.

ಎರಡನೇ ಅಳತೆ ಜಾಸ್ತಿ ಬಂದರೆ ಅರ್ಥ್ ಪಟ್ಟಿ ಹುಡುಕಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ. ಹಾಗಾಗಿ ಬಾಡಿಗೂ ಅದಕ್ಕೂ ನಡುವೆ ಕರೆಂಟ್ ಹೋಗಲು ಈ ಪಟ್ಟಿಯೇ ದಾರಿ. ಅದು ಕಡಿದಿದ್ದರೆ ಕರೆಂಟ್ ಅಡ್ಡದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಮೂಲಕ ಹರಿದು ಅವು ಬಿಸಿಯಾಗಿ ಹೊಗೆ ಬರುವುದೂ ಉಂಟು. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದೆ ಎಂದರೆ ಬೇರೆ ಏನನ್ನೂ ನೋಡಬೇಡಿ, ಅರ್ಥ್ ನೋಡಿ.

ಮೋಟಾರ್ ತಿರುಗದೇ ಇರುವಾಗ ಮೂರನೇ ಅಳತೆ ಬಹಳ ವಿಷಯ ಹೇಳುತ್ತದೆ. ಟಕ್ ಎಂದ ಮೇಲೂ 30ಕ್ಕೂ ಮೋಟಾರ್ ಕೊಂಡಿಗೂ ನಡುವೆ ಹೆಚ್ಚುಕಡಿಮೆ 12 ವೋಲ್ಟ್ ತೋರಿಸಿದರೆ ಕಾಂಟ್ಯಾಕ್ಟ್ ಮುಟ್ಟುತ್ತಿಲ್ಲ. ದೋಷ ಸೊಲೆನಾಯ್ಡ್‌ದು. ಮೋಟಾರ್ ಕೊಂಡಿಯವರೆಗೆ 12 ವೋಲ್ಟ್ ಬಂದೂ ಮೋಟಾರ್ ಅಲುಗದಿದ್ದರೆ ಕಾರ್ಬನ್ ಅಥವಾ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಸುರುಳಿ ಸುತ್ತಿದ ಭಾಗ.

ಕೀಯ ಸಣ್ಣ ವೈರ್

ಸದ್ದೇ ಬರದಿದ್ದರೆ 50ರ ಮೇಲೆ ಅಳೆಯಿರಿ. ಕೀ ತಿರುಗಿಸಿದಾಗ ಅಲ್ಲಿ ಏನೂ ಬರದಿದ್ದರೆ ಫ್ಯೂಸ್, ಸ್ಟಾರ್ಟರ್ ರಿಲೇ, ಇಗ್ನಿಷನ್ ಸ್ವಿಚ್ ಒಂದೊಂದಾಗಿ ಹಿಂದಕ್ಕೆ ಹೋಗಿ. ಆಟೋಮ್ಯಾಟಿಕ್ ಗೇರ್ ಇದ್ದರೆ ಪಾರ್ಕ್ ಬದಲು ನ್ಯೂಟ್ರಲ್‌ನಲ್ಲಿ ಪ್ರಯತ್ನಿಸಿ. ಅಲ್ಲಿ ಶುರುವಾದರೆ ಗೇರಿನ ಸೇಫ್ಟಿ ಸ್ವಿಚ್ ಸರಿಯಿಲ್ಲ. ಕೆಲವು ಕಾರುಗಳಲ್ಲಿ ಕ್ಲಚ್ ಪೆಡಲ್ ಕೆಳಗೂ ಅಂಥ ಸ್ವಿಚ್ ಇರುತ್ತದೆ. 50ರ ಮೇಲೆ 8 ಅಥವಾ 9 ವೋಲ್ಟ್ ಮಾತ್ರ ಬರುತ್ತಿದ್ದು ಬ್ಯಾಟರಿ ಗಟ್ಟಿಯಾಗಿಯೇ ಇದ್ದರೆ, ಹಳೆಯ ಇಗ್ನಿಷನ್ ಸ್ವಿಚ್ ಅರ್ಧ ಕರೆಂಟ್ ತಿನ್ನುತ್ತಿದೆ. ಒಂದು ರಿಲೇ ಸೇರಿಸಿ ಬ್ಯಾಟರಿಯಿಂದ ನೇರ ಫೀಡ್ ಕೊಟ್ಟರೆ ಸ್ಟಾರ್ಟರ್ ಮತ್ತೆ ಯೌವನಕ್ಕೆ ಬಂದಂತೆ ಎಗರುತ್ತದೆ. ಫೀಡ್ ವೈರಿಗೆ ಫ್ಯೂಸ್ ಹಾಕಲು ಮರೆಯಬೇಡಿ.

50ಕ್ಕೆ ಪೂರ್ತಿ ವೋಲ್ಟೇಜ್ ಬಂದರೂ ಟಕ್ ಇಲ್ಲವೇ? ಸೊಲೆನಾಯ್ಡ್ ಸತ್ತಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಅದರೊಳಗೆ ಎರಡು ಸುರುಳಿಗಳಿವೆ. ಒಂದು ಎಳೆಯಲು, ಇನ್ನೊಂದು ಹಿಡಿದಿಡಲು. ಎಳೆಯುವ ಸುರುಳಿಗೆ ಅರ್ಥ್ ಸಿಗುವುದೇ ಮೋಟಾರಿನ ಕಾರ್ಬನ್ ಮೂಲಕ. ಕಾರ್ಬನ್ ಪೂರ್ತಿ ಸವೆದು ಮುಟ್ಟದೇ ಹೋದರೆ ಸೊಲೆನಾಯ್ಡ್ ಒಳ್ಳೆಯದಿದ್ದೂ ಎಳೆಯಲಾರದು. ಇದು ಗೊತ್ತಿಲ್ಲದೆ ಹೊಸ ಸೊಲೆನಾಯ್ಡ್ ಹಾಕಿ ತಲೆ ಕೆರೆದುಕೊಂಡವರು ಕಡಿಮೆಯಿಲ್ಲ.

ಹಾಗೇ, ಸ್ಟಾರ್ಟರ್ ಅನ್ನು ಬೈಯುವ ಮುಂಚೆ ಎಂಜಿನ್ ಕೈಯಲ್ಲಿ ತಿರುಗುತ್ತದಾ ನೋಡಿ. ಕೀ ಹೊರಗೆ ತೆಗೆದು, ನ್ಯೂಟ್ರಲ್ ಮಾಡಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಎಂಜಿನ್ನೇ ಹಿಡಿದುಕೊಂಡಿದ್ದರೆ ಯಾವ ಸ್ಟಾರ್ಟರ್ ಏನು ಮಾಡೀತು?

ಸುತ್ತಿಗೆಯ ವಿದ್ಯೆ

ದಾರಿಯಲ್ಲಿ ನಿಂತಾಗ ಸ್ಟಾರ್ಟರ್ ಮೈಗೆ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಎದ್ದೇಳುತ್ತದೆ. ಸಿಕ್ಕಿಕೊಂಡ ಕಾರ್ಬನ್ ಜಾರಿ ಕೂರುತ್ತದೆ, ಅಷ್ಟೇ. ಮನೆ ಸೇರಲು ಸಾಕು. ಆದರೆ ಮೈಯೊಳಗೆ ಶಾಶ್ವತ ಅಯಸ್ಕಾಂತ ಅಂಟಿಸಿದ ಸ್ಟಾರ್ಟರ್‌ಗಳೂ ಇವೆ. ಅವುಗಳಿಗೆ ಜೋರಾಗಿ ಬಡಿದರೆ ಅಯಸ್ಕಾಂತ ಸೀಳಿ, ರಿಪೇರಿ ಆಗುತ್ತಿದ್ದದ್ದೂ ಗುಜರಿಗೆ ಹೋಗುತ್ತದೆ. ಮರದ ತುಂಡಿನಿಂದ ತಟ್ಟಿ.

ಬಿಚ್ಚುವುದು

ಪರೀಕ್ಷೆಯೆಲ್ಲ ಮುಗಿದು ಬೆರಳು ಸ್ಟಾರ್ಟರ್ ಕಡೆಗೇ ತೋರಿಸುತ್ತಿದೆ ಎಂದಾದರೆ ಕೆಲಸ ಶುರು. ಸಾಕೆಟ್ ಸೆಟ್, ಉದ್ದ ಎಕ್ಸ್‌ಟೆನ್ಷನ್, ರಿಂಗ್ ಸ್ಪ್ಯಾನರ್, ವೈರ್ ಬ್ರಶ್, ತುಕ್ಕು ಬಿಡಿಸುವ ಸ್ಪ್ರೇ, ಟಾರ್ಚ್, ಕಣ್ಣಿಗೆ ಕನ್ನಡಕ. ಎಂಜಿನ್ ತಣ್ಣಗಿರಲಿ. ಎಷ್ಟೋ ಕಾರುಗಳಲ್ಲಿ ಸ್ಟಾರ್ಟರ್ ಕೂತಿರುವುದು ಸೈಲೆನ್ಸರ್ ಪೈಪಿನ ಪಕ್ಕದಲ್ಲೇ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇದರಲ್ಲಿ ರಿಯಾಯಿತಿ ಇಲ್ಲ. 30ರ ಕೇಬಲ್‌ನಲ್ಲಿ ಹೆಚ್ಚಿನ ಹಳೆಯ ಕಾರುಗಳಲ್ಲಿ ಫ್ಯೂಸ್ ಇರುವುದಿಲ್ಲ. ಸ್ಪ್ಯಾನರ್ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಎಂಜಿನ್‌ಗೆ ತಾಗಿದರೆ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರ, ವಾಚ್ ಇದ್ದರೆ ಅದನ್ನೂ ತೆಗೆದಿಡಿ. ರೇಡಿಯೋಗೆ ಕೋಡ್ ಇದ್ದರೆ ಮುಂಚೆಯೇ ಬರೆದಿಟ್ಟುಕೊಳ್ಳಿ.

ಕೆಳಗಿನಿಂದ ಕೆಲಸ ಮಾಡಬೇಕಾದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಜಾಕ್‌ನಿಂದ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರಕ್ಕೆ ಅಡ್ಡ ಕೊಡಿ. ಬರೀ ಜಾಕ್ ನಂಬಿ, ಇಟ್ಟಿಗೆ ನಂಬಿ ಕಾರಿನಡಿ ತಲೆ ಇಡಬೇಡಿ.

ಬೋಲ್ಟ್‌ಗಳಿಗೆ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ವೈರ್‌ಗಳ ಫೋಟೋ ತೆಗೆದುಕೊಳ್ಳಿ. ಎರಡು ಮೂರು ಕಡೆಯಿಂದ ತೆಗೆಯಿರಿ, ಆಮೇಲೆ ನೆನಪಿದೆ ಅನ್ನಿಸುತ್ತದೆ, ಇರುವುದಿಲ್ಲ. 50ರ ಸಣ್ಣ ವೈರ್ ಎಳೆದು ಬಿಡಿಸಿ. ಹಳೆಯ ಪ್ಲಾಸ್ಟಿಕ್ ಮುರಿಯುವಂತಿರುತ್ತದೆ, ನಿಧಾನ. 30ರ ನಟ್ಟು ಬಿಚ್ಚುವಾಗ ಒಳಗಿನ ಕಂಬವೇ ತಿರುಗದಂತೆ ನೋಡಿಕೊಳ್ಳಿ. ಕೆಳಗೆ ಇನ್ನೊಂದು ನಟ್ಟು ಇದ್ದರೆ ಅದನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು ಮೇಲಿನದನ್ನು ತಿರುಗಿಸಿ.

ಸ್ಟಾರ್ಟರ್ ಅನ್ನು ಸಾಮಾನ್ಯವಾಗಿ ಎರಡು, ಕೆಲವೊಮ್ಮೆ ಮೂರು ಬೋಲ್ಟ್ ಹಿಡಿದಿರುತ್ತವೆ. ಕೆಳಗಿನದನ್ನು ಮೊದಲು ಪೂರ್ತಿ ತೆಗೆದು, ಮೇಲಿನದನ್ನು ಕೊನೆಗೆ. ಕೊನೆಯದು ಬರುವಾಗ ಒಂದು ಕೈ ಸ್ಟಾರ್ಟರ್ ಕೆಳಗಿರಲಿ. ಕಾಣುವುದಕ್ಕಿಂತ ತೂಕ ಜಾಸ್ತಿ ಇರುತ್ತದೆ. ಮುಖಕ್ಕೆ ಸರಿಯಾಗಿ ಅದರ ಕೆಳಗೆ ಮಲಗಬೇಡಿ. ಎಂಜಿನ್‌ಗೂ ಸ್ಟಾರ್ಟರ್‌ಗೂ ನಡುವೆ ತೆಳು ತಗಡಿನ ಶಿಮ್ ಸಿಕ್ಕಿದರೆ ಎಷ್ಟಿವೆ, ಯಾವ ಬೋಲ್ಟ್ ಕಡೆ ಇದ್ದವು ಎಂದು ಗುರುತು ಮಾಡಿ ಜೋಪಾನವಾಗಿಡಿ.

ಈಗ ಖಾಲಿ ರಂಧ್ರದಲ್ಲಿ ಟಾರ್ಚ್ ಬಿಟ್ಟು ರಿಂಗ್ ಗೇರ್ ನೋಡಿ. ಒಬ್ಬರು ಕ್ರ್ಯಾಂಕ್ ಪುಲ್ಲಿ ತಿರುಗಿಸಲಿ, ನೀವು ಪೂರ್ತಿ ಒಂದು ಸುತ್ತು ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ ನಿಲ್ಲುವಾಗ ಒತ್ತಡದ ಕಾರಣ ಎರಡೇ ಜಾಗಗಳಲ್ಲಿ ನಿಲ್ಲುವುದು ಜಾಸ್ತಿ. ಪಿನಿಯನ್ ಪ್ರತಿ ಸಲ ಅದೇ ಹಲ್ಲುಗಳನ್ನು ಕಚ್ಚುತ್ತದೆ. ಸವೆತ ಅಲ್ಲೇ ಎದುರುಬದುರಾಗಿ ಕಾಣುತ್ತದೆ. ಹಲ್ಲುಗಳ ತುದಿ ಸ್ವಲ್ಪ ಮೊಂಡಾಗಿದ್ದರೆ ನಡೆಯುತ್ತದೆ. ಹಲ್ಲು ಮುರಿದಿದ್ದರೆ, ಚಾಕುವಿನಂತೆ ತೆಳ್ಳಗಾಗಿದ್ದರೆ ಗೇರ್‌ಬಾಕ್ಸ್ ಇಳಿಸುವ ದೊಡ್ಡ ಕೆಲಸ ಕಾದಿದೆ. ಹೊಸ ಸ್ಟಾರ್ಟರ್ ಹಾಕಿದರೂ ಅದರ ಪಿನಿಯನ್ ಬೇಗ ಹಾಳಾಗುತ್ತದೆ.

ಮೇಜಿನ ಮೇಲೆ ಪರೀಕ್ಷೆ

ಸ್ಟಾರ್ಟರ್ ಅನ್ನು ವೈಸ್‌ನಲ್ಲಿ ಬಿಗಿಯಾಗಿ ಹಿಡಿಸಿ. ಬರಿಗೈಯಲ್ಲಿ ಹಿಡಿಯಬೇಡಿ, ಕುದುರೆಯ ಹಾಗೆ ಜಿಗಿಯುತ್ತದೆ. ವೈಸ್ ಹಿಡಿತ ಮೋಟಾರಿನ ತೆಳು ಮೈ ಮೇಲೆ ಬೇಡ, ಬೋಲ್ಟ್ ಹಾಕುವ ಕಿವಿಯ ಮೇಲಿರಲಿ. ಜಂಪರ್ ಕೇಬಲ್‌ನಿಂದ ಬ್ಯಾಟರಿ ನೆಗೆಟಿವ್ ಅನ್ನು ಮೈಗೆ, ಪಾಸಿಟಿವ್ ಅನ್ನು 30ಕ್ಕೆ ಕೊಡಿ. ಈಗ 30ರಿಂದ ಒಂದು ವೈರ್ ತುಂಡನ್ನು 50ಕ್ಕೆ ಮುಟ್ಟಿಸಿ. ಪಿನಿಯನ್ ಮುಂದಕ್ಕೆ ಹಾರಿ ಚುರುಕಾಗಿ ತಿರುಗಬೇಕು. ಮೂರು ನಾಲ್ಕು ಸೆಕೆಂಡ್ ಸಾಕು. ಭಾರ ಇಲ್ಲದೆ ಜಾಸ್ತಿ ಹೊತ್ತು ಓಡಿಸಿದರೆ ಸುರುಳಿಯೇ ಸಿಡಿಯುವಷ್ಟು ವೇಗ ಹತ್ತಬಹುದು.

ಒಂದು ಎಚ್ಚರಿಕೆ: ಮೇಜಿನ ಮೇಲೆ ಚೆನ್ನಾಗಿ ತಿರುಗಿದ ಮಾತ್ರಕ್ಕೆ ಸ್ಟಾರ್ಟರ್ ಸರಿಯಿದೆ ಎಂದಲ್ಲ. ಅಲ್ಲಿ ಎಂಜಿನ್‌ನ ಭಾರ ಇಲ್ಲ. ಅರ್ಧ ಸುಟ್ಟ ಕಾಂಟ್ಯಾಕ್ಟ್ ಕೂಡ ಇಲ್ಲಿ ಪಾಸಾಗುತ್ತದೆ. ಹಾಗಾಗಿ ಕಾರಿನಲ್ಲಿ ತೆಗೆದ ಅಳತೆಗಳೇ ಹೆಚ್ಚು ನಂಬಿಕೆಗೆ ಅರ್ಹ.

ರಿಪೇರಿಯೋ, ಹೊಸದೋ?

ನನ್ನ ಅಭಿಪ್ರಾಯ ಸೀದಾ ಹೇಳುತ್ತೇನೆ. ಕಾಂಟ್ಯಾಕ್ಟ್, ಕಾರ್ಬನ್, ಬುಶ್, ಬೆಂಡಿಕ್ಸ್ ಇವಿಷ್ಟರಲ್ಲಿ ದೋಷ ಇದ್ದರೆ ರಿಪೇರಿ ಮಾಡಿ. ಹಳೆಯ ಕಾರಿನ ಜೊತೆಗೇ ಬಂದ ಸ್ಟಾರ್ಟರ್‌ನ ಎರಕ, ತಾಮ್ರ ಎರಡೂ ಗಟ್ಟಿ. ಅಗ್ಗದ ನಕಲಿಗಿಂತ ಅದಕ್ಕೆ ಹೊಸ ಕಾರ್ಬನ್ ಹಾಕಿದರೆ ಜಾಸ್ತಿ ಬಾಳುತ್ತದೆ. ಆರ್ಮೇಚರ್ ಸುಟ್ಟಿದ್ದರೆ, ಅಯಸ್ಕಾಂತ ಒಡೆದಿದ್ದರೆ, ಮೈ ಸೀಳಿದ್ದರೆ ಬದಲಾಯಿಸಿ.

ಬಿಚ್ಚುವ ಮುಂಚೆ ಮುಂದಿನ ಮುಚ್ಚಳ, ಮೈ, ಹಿಂದಿನ ಮುಚ್ಚಳ ಮೂರಕ್ಕೂ ಸೇರುವಂತೆ ಒಂದು ಗೆರೆ ಎಳೆಯಿರಿ. ಮೋಟಾರ್ ಕೊಂಡಿಯ ನಟ್ಟು ಬಿಚ್ಚಿ, ಸೊಲೆನಾಯ್ಡ್ ಸ್ಕ್ರೂ ತೆಗೆದು ಸೊಲೆನಾಯ್ಡ್ ಬೇರ್ಪಡಿಸಿ. ಆಮೇಲೆ ಉದ್ದ ಬೋಲ್ಟ್ ಎರಡು. ವಾಷರ್‌ಗಳು ಬಂದ ಕ್ರಮದಲ್ಲೇ ಒಂದು ಬಟ್ಟೆ ಮೇಲೆ ಸಾಲಾಗಿಡಿ. ಡೆನ್ಸೊ ಮಾದರಿಯ ಗೇರ್ ರಿಡಕ್ಷನ್ ಸ್ಟಾರ್ಟರ್‌ನಲ್ಲಿ ಒಂದು ಸಣ್ಣ ಉಕ್ಕಿನ ಗುಂಡು, ಪುಟ್ಟ ರೋಲರ್‌ಗಳು ಇರುತ್ತವೆ. ಉರುಳಿ ಹೋದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕಾಂಟ್ಯಾಕ್ಟ್: ಇದೇ ಡೆನ್ಸೊ ಮಾದರಿಯಲ್ಲಿ ಸೊಲೆನಾಯ್ಡ್ ಹಿಂದಿನ ಮುಚ್ಚಳ ಸ್ಕ್ರೂ ಬಿಚ್ಚಿದರೆ ಬರುತ್ತದೆ. ಒಳಗೆ ಎರಡು ತಾಮ್ರದ ತುಂಡುಗಳು. ಒಂದು ಬದಿ ಹಳ್ಳ ಬಿದ್ದು ಕಪ್ಪಾಗಿದ್ದರೆ ನಿಮ್ಮ "ಒಂದೇ ಟಕ್" ರೋಗ ಸಿಕ್ಕಿತು. ಎರಡನ್ನೂ ಹೊಸದು ಹಾಕಿ. ಕೊರಡಿನ ತುದಿಯ ಬಿಲ್ಲೆಯನ್ನು ಸಮವಾಗಿ ಉಜ್ಜಿ, ಹಳ್ಳ ಆಳವಾಗಿದ್ದರೆ ಅದನ್ನೂ ಬದಲಾಯಿಸಿ. ಎರಡು ಕಾಂಟ್ಯಾಕ್ಟ್‌ಗಳೂ ಒಂದೇ ಮಟ್ಟಕ್ಕೆ ಕೂತಿರಬೇಕು. ಒಂದು ಎತ್ತರ ಇನ್ನೊಂದು ತಗ್ಗು ಇದ್ದರೆ ಬಿಲ್ಲೆ ಒಂದನ್ನೇ ಮುಟ್ಟುತ್ತದೆ. ಬೇರೆ ಮಾದರಿಗಳಲ್ಲಿ ಮುಚ್ಚಳವನ್ನು ಬೆಸುಗೆ ಹಾಕಿ, ಅಂಚು ಮಡಚಿ ಮುಚ್ಚಿರುತ್ತಾರೆ. ಅಲ್ಲಿ ಇಡೀ ಸೊಲೆನಾಯ್ಡ್ ಬದಲಾಯಿಸುವುದೇ ವಾಸಿ.

ಕಾರ್ಬನ್: ಉದ್ದ ಮೂಲದ ಅರ್ಧಕ್ಕೆ ಬಂದಿದ್ದರೆ ಕಾಯಬೇಡಿ. ಹೋಲ್ಡರ್‌ನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಗಟ್ಟಿಯಾಗಿ ಒತ್ತಬೇಕು. ಹೊಸ ಕಾರ್ಬನ್ ಬೆಸುಗೆ ಹಾಕಬೇಕಾದರೆ ದೊಡ್ಡ ಐರನ್ ಬಳಸಿ, ಬೇಗ ಮುಗಿಸಿ. ನಿಧಾನ ಮಾಡಿದರೆ ಬೆಸುಗೆಯ ಸೀಸ ಕಾರ್ಬನ್ನಿನ ಹೆಣೆದ ವೈರಿನೊಳಗೆ ಹರಿದು ಆ ವೈರ್ ಕಡ್ಡಿಯಂತಾಗುತ್ತದೆ, ಕಾರ್ಬನ್ ಮುಂದೆ ಸರಿಯುವುದೇ ಇಲ್ಲ.

ಆರ್ಮೇಚರ್: ಕಾರ್ಬನ್ ಉಜ್ಜುವ ತಾಮ್ರದ ಭಾಗವೇ ಕಮ್ಯುಟೇಟರ್. ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಸುತ್ತ ಸಮನಾಗಿ ಉಜ್ಜಿ. ಎಮರಿ ಬಟ್ಟೆ ಬೇಡ, ಅದರ ಕಣಗಳು ಸಂದಿಗಳಲ್ಲಿ ಕೂತು ಶಾರ್ಟ್ ಮಾಡಬಹುದು. ತಾಮ್ರದ ಪಟ್ಟಿಗಳ ನಡುವಿನ ಸಂದಿಯ ಕೊಳೆಯನ್ನು ಚೂಪಾದ ಕಡ್ಡಿಯಿಂದ ತೆಗೆಯಿರಿ. ಈಗ ಮೀಟರ್ ಹಿಡಿದು ಪ್ರತಿ ಪಟ್ಟಿಗೂ ನಡುವಿನ ದಂಡಕ್ಕೂ ನೋಡಿ, ಎಲ್ಲೂ ಸಂಪರ್ಕ ಇರಬಾರದು. ಅಕ್ಕಪಕ್ಕದ ಪಟ್ಟಿಗಳ ನಡುವೆ ಸಂಪರ್ಕ ಇರಲೇಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಆರ್ಮೇಚರ್ ಮುಗಿದಿದೆ.

ಬುಶ್: ದಂಡವನ್ನು ಬುಶ್‌ನಲ್ಲಿ ಹಾಕಿ ಅಲ್ಲಾಡಿಸಿ. ಆಟ ಜಾಸ್ತಿ ಇದ್ದರೆ ಆರ್ಮೇಚರ್ ಪಕ್ಕಕ್ಕೆ ವಾಲಿ ಮೈಗೆ ಉಜ್ಜುತ್ತದೆ. ಆರ್ಮೇಚರ್ ಮೇಲೆ ಹೊಳೆಯುವ ಗೀರು ಕಂಡರೆ ಅದೇ ಸಾಕ್ಷಿ. ಎಂಜಿನ್ ಬಿಸಿಯಾದಾಗ ಮಾತ್ರ ಸೆಲ್ಫ್ ಭಾರವಾಗುವ ಕಾಯಿಲೆಗೆ ಬುಶ್ ಒಂದು ಸಾಮಾನ್ಯ ಕಾರಣ. ಹೊಸ ಕಂಚಿನ ಬುಶ್ ಅನ್ನು ಹಾಕುವ ಮುಂಚೆ ಎಂಜಿನ್ ಆಯಿಲ್‌ನಲ್ಲಿ ಒಂದು ರಾತ್ರಿ ನೆನೆಹಾಕಿ. ಅದು ಆಯಿಲ್ ಕುಡಿಯುತ್ತದೆ.

ಬೆಂಡಿಕ್ಸ್: ಪಿನಿಯನ್ ಒಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು, ಇನ್ನೊಂದಕ್ಕೆ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಬದಲಾಯಿಸಿ. ಚೊಕ್ಕಟ ಮಾಡುವ ಉತ್ಸಾಹದಲ್ಲಿ ಇದನ್ನು ಪೆಟ್ರೋಲ್‌ನಲ್ಲಿ ಮುಳುಗಿಸಬೇಡಿ. ಒಳಗಿನ ಗ್ರೀಸ್ ತೊಳೆದುಹೋಗಿ ಕೆಲವೇ ದಿನಗಳಲ್ಲಿ ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದು ಜಾರುವ ದಂಡಕ್ಕೆ ತೆಳುವಾಗಿ ಗ್ರೀಸ್ ಸವರಿ, ದಪ್ಪಗೆ ಮೆತ್ತಿದರೆ ಕ್ಲಚ್ ಪುಡಿ ಅಂಟಿ ಗೋಂದಾಗುತ್ತದೆ. ಕಮ್ಯುಟೇಟರ್ ಕಡೆಗೆ ಒಂದು ಹನಿಯೂ ಹೋಗಬಾರದು.

ಜೋಡಿಸುವಾಗ ಕಾರ್ಬನ್‌ಗಳು ಒಳಗೆ ಚಿಮ್ಮಿ ಆರ್ಮೇಚರ್ ಹೋಗಲು ಬಿಡುವುದಿಲ್ಲ. ಕಮ್ಯುಟೇಟರ್‌ನಷ್ಟೇ ಅಗಲದ ಒಂದು ಸಾಕೆಟ್ ಹುಡುಕಿ, ಕಾರ್ಬನ್‌ಗಳನ್ನು ಅದರ ಸುತ್ತ ಕೂರಿಸಿ, ಹಾಗೇ ಕಮ್ಯುಟೇಟರ್ ಮೇಲೆ ಜಾರಿಸಿ. ನಾನು ಇದನ್ನು ಕಲಿಯುವ ಮುಂಚೆ ಒಂದು ಸ್ಪ್ರಿಂಗ್ ಎಲ್ಲಿಗೆ ಹಾರಿತೋ ಇವತ್ತಿಗೂ ಸಿಕ್ಕಿಲ್ಲ.

ಹೊಸದು ತರುವವರು ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸದೆ ಒಪ್ಪಿಕೊಳ್ಳಬೇಡಿ. ಪಿನಿಯನ್ ಹಲ್ಲುಗಳ ಎಣಿಕೆ, ಬೋಲ್ಟ್ ರಂಧ್ರಗಳ ಅಂತರ, ಪಿನಿಯನ್ ತಿರುಗುವ ದಿಕ್ಕು, ಮುಂದಿನ ಮೂತಿಯ ಉದ್ದ, ಟರ್ಮಿನಲ್‌ಗಳ ಜಾಗ. ಒಂದೇ ಕಾರಿಗೆ ಮ್ಯಾನ್ಯುವಲ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬೇರೆ ಬೇರೆ ಸ್ಟಾರ್ಟರ್ ಬರುವುದುಂಟು.

ಮತ್ತೆ ಕೂರಿಸುವುದು

ಸ್ಟಾರ್ಟರ್ ಕೂರುವ ಮುಖವನ್ನೂ, ಎಂಜಿನ್ ಕಡೆಯ ಮುಖವನ್ನೂ ವೈರ್ ಬ್ರಶ್‌ನಿಂದ ಲೋಹ ಕಾಣುವವರೆಗೆ ಉಜ್ಜಿ. ಸ್ಟಾರ್ಟರ್‌ನ ಅರ್ಥ್ ಹೋಗುವುದೇ ಈ ಮುಖದ ಮೂಲಕ. ಹೊಸ ಸ್ಟಾರ್ಟರ್‌ಗೆ ಅಲ್ಲಿಯೂ ಪೇಂಟ್ ಹೊಡೆದಿದ್ದರೆ ಕೆರೆದು ತೆಗೆಯಿರಿ.

ಶಿಮ್‌ಗಳನ್ನು ಇದ್ದಲ್ಲೇ ಇಡಿ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಹಚ್ಚಿ. ಸ್ಟಾರ್ಟರ್ ವಾರೆಯಾಗದೆ ಪೂರ್ತಿ ಒಳಗೆ ಕೂತಿದೆ ಎಂದು ಖಚಿತವಾದ ಮೇಲೆ ಸ್ಪ್ಯಾನರ್ ಹಾಕಿ, ಕಾರಿನ ಮ್ಯಾನ್ಯುವಲ್ ಹೇಳಿದಷ್ಟು ಬಿಗಿ ಮಾಡಿ. ವಾರೆಯಿದ್ದಾಗ ಬೋಲ್ಟ್‌ನಿಂದ ಎಳೆದು ಕೂರಿಸಲು ಹೋದರೆ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ. 30ರ ನಟ್ಟು ಗಟ್ಟಿಯಾಗಿರಲಿ, ಆದರೆ ಮೈಮೇಲೆ ಬಿದ್ದು ಬಿಗಿಯಬೇಡಿ. ಕಂಬ ತಿರುಗಿದರೆ ಒಳಗಿನ ಕಾಂಟ್ಯಾಕ್ಟ್ ಸ್ಥಳ ತಪ್ಪುತ್ತದೆ, ಮುಚ್ಚಳ ಬಿರಿಯುತ್ತದೆ. ರಬ್ಬರ್ ಟೋಪಿ, ಶಾಖ ತಡೆಯುವ ತಗಡು ಇದ್ದರೆ ಅವೂ ವಾಪಸ್ ಬರಲಿ. ಕೇಬಲ್ ಸೈಲೆನ್ಸರ್ ಪೈಪ್‌ಗೆ ತಾಗದಂತೆ ಕಟ್ಟಿ. ಬ್ಯಾಟರಿ ನೆಗೆಟಿವ್ ಎಲ್ಲಕ್ಕಿಂತ ಕೊನೆಗೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ರೇಡಿಯೋ, ಫ್ಯಾನ್ ಎಲ್ಲ ಆಫ್ ಇರಲಿ, ಕಿವಿ ಅಲ್ಲೇ ಇರಲಿ. ಶಿಮ್ ಇರುವ ಮಾದರಿಯಲ್ಲಿ ಎಂಜಿನ್ ತಿರುಗುವಾಗಲೇ ಸೀಟಿಯಂತೆ ಕೂಗಿದರೆ ಪಿನಿಯನ್ ರಿಂಗ್ ಗೇರ್‌ನಿಂದ ದೂರ ಇದೆ, ಶಿಮ್ ಕಡಿಮೆ ಮಾಡಿ. ಎಂಜಿನ್ ಹತ್ತಿದ ಮೇಲೆ ಕೀ ಬಿಡುವಾಗ ಕೂಗಿದರೆ ತೀರ ಹತ್ತಿರ ಇದೆ, ಶಿಮ್ ಸೇರಿಸಿ. ಐದಾರು ಸಲ ಬಿಟ್ಟು ಬಿಟ್ಟು ಸ್ಟಾರ್ಟ್ ಮಾಡಿ. ಆಮೇಲೆ ಮೊದಲಿನ ಮೂರು ಅಳತೆಗಳನ್ನು ಮತ್ತೆ ತೆಗೆಯಿರಿ.

ಹಳೆಯ ಸ್ಟಾರ್ಟರ್ ಯಾಕೆ ಹೋಯಿತು ಎಂಬುದನ್ನೂ ನೋಡಿ. ಮೇಲಿನಿಂದ ಆಯಿಲ್ ಸೋರಿ ಅದರ ಮೇಲೆ ಬೀಳುತ್ತಿದ್ದರೆ ಹೊಸದಕ್ಕೂ ಅದೇ ಗತಿ. ಎಂಜಿನ್ ಹತ್ತಲು ದಿನಾ ಹದಿನೈದು ಸೆಕೆಂಡ್ ತಿರುಗಿಸಬೇಕಾಗಿದ್ದರೆ ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಕಡೆ ಗಮನ ಕೊಡಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ನಡುವೆ ಒಂದು ನಿಮಿಷ ಬಿಡಿ. ಸ್ಟಾರ್ಟರ್ ಸ್ವಲ್ಪ ಹೊತ್ತು ದುಡಿಯಲು ಮಾಡಿದ ಮೋಟಾರ್, ಶಾಖ ಹೊರಹಾಕಲು ಅದಕ್ಕೆ ಫ್ಯಾನ್ ಇಲ್ಲ.

ನನ್ನ ಕಾರಿನ ಸ್ಟಾರ್ಟರ್ ಮೈ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ತಿಂಗಳು, ವರ್ಷ, ಓಡಿದ ಕಿಲೋಮೀಟರ್ ಬರೆದಿದ್ದೇನೆ. ಅದರ ಕೆಳಗೆ ಆ ದಿನ ಅಳೆದ ಮೂರು ವೋಲ್ಟೇಜ್‌ಗಳೂ ಇವೆ. ಮುಂದಿನ ಸಲ ಟಕ್ ಅಂದಾಗ ಹೋಲಿಸಿ ನೋಡಬಹುದಲ್ವಾ.